ತೂಕಕ್ಕೆ ತಕ್ಕ ಸ್ಪ್ರಿಂಗ್

ನಮ್ಮ ಕಾಸರಗೋಡಿನ ಮನೆಗಳಿಗೆ ಗಲ್ಫಿನಿಂದ ಬರುವ ಸುದ್ದಿಗೆ ಒಂದು ಕ್ರಮವಿದೆ. ಮೊದಲು ಕ್ಷೇಮ ಸಮಾಚಾರ, ಆಮೇಲೆ ಅಲ್ಲಿನ ಸೆಕೆ, ಆಮೇಲೆ ಹಣ ಕಳಿಸಿದ ವಿವರ. ನೋವಿನ ಮಾತು ಬರುವುದು ಕಡೆಗೆ. ಅದೂ ನೇರವಾಗಿ ಅಲ್ಲ, ಬೇರೆ ಯಾವುದೋ ಮಾತಿಗೆ ಅಂಟಿಕೊಂಡು. ನನ್ನ ತಂಗಿಯ ಮಗನಿಗೆ ಸೊಂಟನೋವು ಇದೆಯೆಂದು ನಮಗೆ ಗೊತ್ತಾದದ್ದು ಒಂದು ಜೊತೆ ಷಾಕ್ ಅಬ್ಸಾರ್ಬರುಗಳ ದೆಸೆಯಿಂದ.

ದುಬೈಯಿಂದ ಹತ್ತಾಕ್ಕೆ ಹೋಗುವ ರಸ್ತೆಯಲ್ಲಿ ಬದಾಯರ್ ಎಂಬಲ್ಲಿ ಕೆಂಪು ಮರಳಿನ ದೊಡ್ಡ ದಿಬ್ಬಗಳಿವೆ. ಪ್ರವಾಸಿಗರು ಅಲ್ಲಿ ನಾಲ್ಕು ಚಕ್ರದ ಕ್ವಾಡ್ ಬೈಕುಗಳನ್ನು ಬಾಡಿಗೆಗೆ ಪಡೆದು ಓಡಿಸುತ್ತಾರೆ. ಅವರ ಮುಂದೆ ಓಡಿಸಿಕೊಂಡು ದಾರಿ ತೋರಿಸುವುದು ಅಳಿಯನ ಕೆಲಸ. ಅದಕ್ಕಾಗಿ ಅವನು ಕೈಯಿಂದಲೇ ಹಣ ಹಾಕಿ ಯಮಹಾ ರ‍್ಯಾಪ್ಟರ್ 700 ಎಂಬ ಗಾಡಿಯೊಂದನ್ನು ಸೆಕೆಂಡ್‌ಹ್ಯಾಂಡ್ ಕೊಂಡಿದ್ದ. ಒಂದು ರಾತ್ರಿ ಅವನ ಸಂದೇಶ ಬಂತು: "ಮಾವ, ಮುಂದಿನ ಷಾಕ್ ಬದಲಿಸ್ಬೇಕು. ನಾಲ್ಕು ಜೊತೆಯ ಫೋಟೋ ಕಳಿಸಿದ್ದೇನೆ. ಯಾವುದು ಒಳ್ಳೇದು ಹೇಳಿ. ದಿನಕ್ಕೆ ಆರು ಗಂಟೆ ಕೂತರೆ ಸೊಂಟ ಹಿಡೀತದೆ."

ಶಾರ್ಜಾದ ಗ್ಯಾರೇಜಿನಲ್ಲಿ 19 ವರ್ಷ ಕೈಗೆ ಎಣ್ಣೆ ಮೆತ್ತಿಕೊಂಡವನು ನಾನು. ಹಾಗಾಗಿ ಈ ಪ್ರಶ್ನೆ ನನಗೇ ಬರಬೇಕಾದದ್ದು. ಆದರೆ ಫೋಟೋ ನೋಡಿ ಉತ್ತರ ಕೊಡುವ ಪ್ರಶ್ನೆ ಇದಲ್ಲ. ಫೋನು ಮಾಡಿ, "ನಿನ್ನ ತೂಕ ಎಷ್ಟು ಮಾರಾಯ?" ಎಂದು ಕೇಳಿದೆ.

"ಗಾಡಿಯದ್ದಾ ಮಾವ?"

"ಅಲ್ಲ, ನಿನ್ನದ್ದು."

"62."

ಪಕ್ಕದಲ್ಲಿ ಕುಳಿತು ಕೇಳುತ್ತಿದ್ದ ತಂಗಿ ಎದ್ದು ಬಂದಳು. "ಇಲ್ಲಿಂದ ಹೋಗುವಾಗ 71 ಇತ್ತಲ್ಲ ಅಣ್ಣ!" ಎಂದಳು. ಅದುವರೆಗೆ ಗಾಡಿಯ ಮಾತಾಗಿದ್ದದ್ದು ಅಲ್ಲಿಂದ ಮುಂದೆ ಮನೆಯ ಮಾತಾಯಿತು.

ಈ ಗಾಡಿಯನ್ನು ನೋಡದ ಓದುಗರಿಗಾಗಿ ಎರಡು ಮಾತು. ಮರಳು, ಕೆಸರು, ಕಾಡುದಾರಿಗಳಿಗೆಂದು ಮೊದಲು ಬಂದವು ಮೂರು ಚಕ್ರದವು. ಅವು ಮಗುಚಿ ಅಪಘಾತಗಳು ಹೆಚ್ಚಾದ ಮೇಲೆ, 1988ರಲ್ಲಿ ಅಮೆರಿಕದ ಸರಕಾರಕ್ಕೂ ತಯಾರಕರಿಗೂ ಆದ ಒಪ್ಪಂದದಂತೆ ಅಲ್ಲಿ ಹೊಸ ಮೂರು ಚಕ್ರದವುಗಳ ಮಾರಾಟ ನಿಂತಿತು. ಅಷ್ಟರಲ್ಲಿ, 1985ರಲ್ಲೇ, ಸುಜುಕಿಯವರು ವೇಗಕ್ಕೆಂದೇ ಮಾಡಿದ ನಾಲ್ಕು ಚಕ್ರದ ಗಾಡಿಯನ್ನು ತಂದಿದ್ದರು. ಇಂಥವನ್ನು ಸ್ಪೋರ್ಟ್ ಕ್ವಾಡ್ ಎನ್ನುತ್ತಾರೆ: ಬೈಕಿನಂತೆ ಕಾಲು ಅತ್ತಿತ್ತ ಹಾಕಿ ಕೂರುವ ಸೀಟು, ಕೈಯಲ್ಲಿ ಹ್ಯಾಂಡಲು, ಎಂಜಿನಿನ ಬಲ ಹಿಂದಿನ ಚಕ್ರಗಳಿಗೆ ಮಾತ್ರ. ಕೂರುವವನು ಒಬ್ಬನೇ. ಮುಂದೆ ಒಂದೊಂದು ಚಕ್ರಕ್ಕೂ ಮೇಲೊಂದು ಕೆಳಗೊಂದು ಕಬ್ಬಿಣದ ತೋಳು, ತೋಳಿಗೂ ಚಾಸಿಗೂ ನಡುವೆ ಓರೆಯಾಗಿ ಒಂದು ಷಾಕ್. ಅಳಿಯನ ಗಾಡಿಯಲ್ಲಿ ಮುಂದಿನ ಚಕ್ರ ಕೆಳಗಿನಿಂದ ಮೇಲಕ್ಕೆ 231 ಮಿಲಿಮೀಟರಿನಷ್ಟು, ಎಂದರೆ ಒಂದು ಗೇಣಿನಷ್ಟು, ಏರಬಲ್ಲುದು.

ಷಾಕ್ ಎಂದರೆ ಒಂದೇ ವಸ್ತು ಎಂದು ಜನ ತಿಳಿದಿದ್ದಾರೆ. ಅದರಲ್ಲಿ ಇರುವುದು ಎರಡು. ಹೊರಗಿನ ಸ್ಪ್ರಿಂಗ್ ಭಾರ ಹೊರುತ್ತದೆ, ಪೆಟ್ಟನ್ನು ತನ್ನೊಳಗೆ ಅದುಮಿಟ್ಟುಕೊಳ್ಳುತ್ತದೆ. ಆದರೆ ಅದು ಇಟ್ಟುಕೊಂಡದ್ದನ್ನು ಹಾಗೆಯೇ ಹಿಂದಕ್ಕೆ ಎಸೆಯುವ ಸ್ವಭಾವದ್ದು. ಹಾಗೆ ಎಸೆಯದಂತೆ ತಡೆಯುವುದು ಒಳಗಿನ ಎಣ್ಣೆ. ಸಣ್ಣ ಸಣ್ಣ ತೂತುಗಳಲ್ಲಿ ನುಗ್ಗಿ ಹೋಗುವಾಗ ಎಣ್ಣೆ ಬಿಸಿಯಾಗುತ್ತದೆ. ಪೆಟ್ಟಿನ ಬಲ ಆ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಮರುಭೂಮಿಯ ಸೆಕೆಯಲ್ಲಿ ಗಂಟೆಗಟ್ಟಲೆ ಓಡಿಸಿದರೆ ಎಣ್ಣೆ ತೆಳ್ಳಗಾಗಿ ನೊರೆಯೇಳುತ್ತದೆ, ಷಾಕ್ ಸೋಲುತ್ತದೆ. ಒಳ್ಳೆಯ ಷಾಕುಗಳಿಗೆ ಪಕ್ಕದಲ್ಲೊಂದು ಡಬ್ಬಿ ಇರುವುದು ಇದಕ್ಕಾಗಿ: ಎಣ್ಣೆ ಹೆಚ್ಚು ಹಿಡಿಯುತ್ತದೆ, ಬೇಗ ತಣಿಯುತ್ತದೆ; ಅದರೊಳಗೆ ಒತ್ತಡದಲ್ಲಿರುವ ನೈಟ್ರೋಜನ್ ಅನಿಲ ಎಣ್ಣೆಯನ್ನು ನೊರೆಯಾಗಲು ಬಿಡುವುದಿಲ್ಲ.

ಇನ್ನು ತೂಕದ ಮಾತು. ಇದು ನಮ್ಮವರಿಗೆ ಯಾರೂ ಕಲಿಸಬೇಕಾದ್ದಲ್ಲ. ಪೆರ್ಲದಿಂದಲೋ ಮುಳ್ಳೇರಿಯದಿಂದಲೋ ಒಳಗಿನ ತೋಟಗಳಿಗೆ ಮುರಕಲ್ಲಿನ ದಾರಿಯಲ್ಲಿ ಖಾಲಿ ಜೀಪಿನಲ್ಲಿ ಹೋದವರಿಗೆ ಗೊತ್ತು, ಬೆನ್ನಿನ ಒಂದೊಂದು ಮಣಿಯೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಸಿಗುತ್ತದೆ. ಅದೇ ಜೀಪು ಹತ್ತು ಗೋಣಿ ಅಡಿಕೆ ಹೇರಿಕೊಂಡು ಬರುವಾಗ ತೊಟ್ಟಿಲಿನ ಹಾಗೆ ಬರುತ್ತದೆ. ಜೀಪಿನ ಕಮಾನು ಪ್ಲೇಟುಗಳನ್ನು ಮಾಡಿದ್ದು ಅಡಿಕೆಯ ಗೋಣಿಗೆ ಒಪ್ಪುವ ಹಾಗೆ, ಒಬ್ಬಂಟಿ ಮನುಷ್ಯನ ಸೊಂಟಕ್ಕಲ್ಲ. ಅಳಿಯನಿಗೆ ಆಗುತ್ತಿದ್ದದ್ದು ಇದೇ ಎಂದು ನನಗೆ ಸಂಶಯ ಬಂತು. ಗಾಡಿ ಮೊದಲು ಯಾರದ್ದಿತ್ತು ಎಂದು ಕೇಳಿದೆ. ಆರಡಿಯ, ನೂರು ಕಿಲೋ ತೂಗುವ ಒಬ್ಬ ದೊರೆಯದ್ದಂತೆ.

ಸಂಶಯವನ್ನು ಟೇಪಿನಿಂದ ಪರೀಕ್ಷಿಸಬಹುದು. ಗಾಡಿಯ ಮೂತಿಯನ್ನು ಎತ್ತಿ, ಮುಂದಿನ ಚಕ್ರಗಳು ಪೂರ್ತಿ ಇಳಿಬಿದ್ದಾಗ ಚಾಸಿಯ ಒಂದು ಜಾಗದಿಂದ ಚಕ್ರದ ನಡುವಿನವರೆಗೆ ನೆಟ್ಟಗೆ ಅಳೆಯಬೇಕು. ಬಳಿಕ ಇಳಿಸಿ, ಓಡಿಸುವವನು ಹೆಲ್ಮೆಟ್ಟು ಬೂಟು ಸಹಿತ ಕೂತು ಒಂದೆರಡು ಸಲ ಅದುಮಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಅಳೆಯಬೇಕು. ಒಟ್ಟು ಓಟದ ಮೂರರಲ್ಲೊಂದು ಪಾಲಿನಷ್ಟು ಗಾಡಿ ಕೂತಿದ್ದರೆ ಸ್ಪ್ರಿಂಗ್ ಹದವಾಗಿದೆ ಎಂದು ಲೆಕ್ಕ. ಇವನಿಗೆ ಸುಮಾರು 77 ಮಿಲಿಮೀಟರ್ ಬರಬೇಕು. ಟೇಪು ಹಿಡಿದವನು ಇವನ ಕೋಣೆಯಲ್ಲೇ ಇರುವ ಕಾಞಂಗಾಡಿನ ಹುಡುಗ. ಅವನು ಮಲಯಾಳದಲ್ಲಿ ಅಳತೆ ಹೇಳಿದ, ನಾನು ಕನ್ನಡದಲ್ಲಿ ಲೆಕ್ಕ ಹೇಳಿದೆ, ಯಾರಿಗೂ ಅರ್ಥವಾಗದೆ ಉಳಿಯಲಿಲ್ಲ. ಬಂದದ್ದು 42. ಗಾಡಿಯ ಮಟ್ಟಿಗೆ ಇವನು ಖಾಲಿ ಜೀಪಿನಲ್ಲಿ ಕೂತವನೇ ಆಗಿದ್ದ. ಷಾಕಿನ ಸಲಾಕೆಯ ಮೇಲೆ ಎಣ್ಣೆ ಜಿನುಗಿದೆಯೆಂದೂ ಹುಡುಗ ಹೇಳಿದ. ಎಣ್ಣೆ ಹೋದ ಷಾಕ್ ಸ್ಪ್ರಿಂಗನ್ನು ತಡೆಯುವುದಿಲ್ಲ.

ಆಮೇಲೆ ನಾಲ್ಕು ಜೊತೆಗಳನ್ನು ಒಂದೊಂದಾಗಿ ನೋಡಿದೆವು. ಎಲ್ಲಕ್ಕಿಂತ ಚಂದ ಕಂಡ ಮೊದಲ ಜೊತೆ, ಹೆಚ್ಚು ಓಟದ ತೋಳುಗಳಿಗೆಂದೇ ಮಾಡಿದ್ದು. ಷಾಕಿನ ಉದ್ದವೂ ತೋಳಿನ ಉದ್ದವೂ ಗಂಡ ಹೆಂಡಿರ ಹಾಗೆ, ಒಂದನ್ನು ಬಿಟ್ಟು ಒಂದನ್ನು ತರಲಾಗದು. ತೋಳು ಮಾತ್ರ ಉದ್ದವಾದರೂ ಲೆಕ್ಕ ಕೆಡುತ್ತದೆ. ಚಕ್ರ ಎರಡಂಗುಲ ಏರಿದಾಗ ಷಾಕ್ ಒಂದಂಗುಲ ಅದುಮಿದರೆ, ಸ್ಪ್ರಿಂಗಿನ ಗಡಸು ಚಕ್ರದಲ್ಲಿ ಅರ್ಧಕ್ಕಲ್ಲ, ಕಾಲು ಪಾಲಿಗೆ ಇಳಿದಿರುತ್ತದೆ. ಸನ್ನೆಕೋಲಿನ ಗುಣ ಅದು. ತೋಳು ಬೆಳೆದಷ್ಟೂ ಅದೇ ಸ್ಪ್ರಿಂಗ್ ಮೆತ್ತಗಾಗುತ್ತ ಹೋಗುತ್ತದೆ. ಎರಡನೆಯ ಜೊತೆ ಬೇರೆ ಮಾದರಿಯ ಗಾಡಿಯದ್ದು. ಬೋಲ್ಟಿನ ತೂತು ಸರಿಹೊಂದಿದರೂ ಉದ್ದ ಹೊಂದುವುದಿಲ್ಲ. ಮೂರನೆಯದು ಹೊಸದು, ಅಗ್ಗದ್ದು. ಆದರೆ ಬಿಚ್ಚಿ ಎಣ್ಣೆ ಬದಲಿಸುವಂತಿಲ್ಲ. ಮರಳಿನಲ್ಲಿ ದಿನವೂ ಓಡುವ ಗಾಡಿಗೆ ಅದು ಒಂದು ವರ್ಷದ ಮಾತು. ನಾಲ್ಕನೆಯದು ಹಳೆಯದು, ಬಣ್ಣ ಹೋದದ್ದು. ಆದರೆ ಡಬ್ಬಿ ಇರುವಂಥದ್ದು, ಇವನ ತೋಳಿಗೆ ಹೊಂದುವಂಥದ್ದು, ಅದುಮುವ ವೇಗವನ್ನೂ ಮರಳುವ ವೇಗವನ್ನೂ ಬೇರೆ ಬೇರೆಯಾಗಿ ತಿರುಗಿಸಿ ಹದ ಮಾಡಬಹುದಾದ್ದು. ಅದರ ಕುಂದು ಒಂದೇ: 95 ಕಿಲೋದ ಪಂದ್ಯಗಾರನಿಗಾಗಿ ಹಾಕಿಸಿದ ಸ್ಪ್ರಿಂಗುಗಳು.

"ಸ್ಪ್ರಿಂಗ್ ಬದಲಿಸಬಹುದು, ಅದನ್ನೇ ತೆಗೆದುಕೋ" ಎಂದೆ. ಷಾಕಿನ ಬೆಲೆ, ಹೊಸ ಸೀಲು, ಎಣ್ಣೆ, ಅನಿಲ, ಸ್ಪ್ರಿಂಗ್ ಎಲ್ಲ ಸೇರಿ ಒಂದೂವರೆ ತಿಂಗಳ ಸಂಬಳವಾಯಿತು. ಮನೆಯ ಹಿಂಬದಿಗೆ ಮಾಡು ಕಟ್ಟಿಸಲೆಂದು ಅವನು ಕಳಿಸಬೇಕಿದ್ದ ಹಣ ಅದು. ತಂಗಿ ಒಂದು ಕ್ಷಣವೂ ಯೋಚಿಸಲಿಲ್ಲ. "ಮಾಡು ಬರುವ ವರ್ಷ ಆಗ್ತದೆ" ಎಂದಳು. ಆದರೆ ಅವಳದ್ದೊಂದು ಹಟವಿತ್ತು: ಸ್ಪ್ರಿಂಗನ್ನು 71ಕ್ಕೆ ಸರಿಯಾಗಿ ಹಾಕಿಸಬೇಕು. 62ಕ್ಕೆ ಹಾಕಿಸಿದರೆ ಮಗನನ್ನು ಆ ತೂಕದಲ್ಲೇ ಬಿಟ್ಟಂತೆ ಆಗುತ್ತದೆ ಎಂದು ಅವಳ ಲೆಕ್ಕ.

ತಾಯಿಯ ಲೆಕ್ಕವನ್ನು ತಪ್ಪೆನ್ನಲು ನನ್ನಿಂದಾಗಲಿಲ್ಲ. ಆದರೆ ಸ್ಪ್ರಿಂಗ್ ಇಂದಿನ ದೇಹವನ್ನು ಹೊರಬೇಕಾದ್ದು, ನಾಳೆಯದ್ದನ್ನಲ್ಲ. ಹೆಲ್ಮೆಟ್ಟು, ಬೂಟು, ನೀರಿನ ಚೀಲ ಸೇರಿಸಿ 69 ಎಂದು ಬರೆಸಿದೆವು. ಮುಂದೆ ನಾಲ್ಕೈದು ಕಿಲೋ ಏರಿದರೆ ಸ್ಪ್ರಿಂಗಿನ ತಲೆಯಲ್ಲಿರುವ ಬಳೆಯನ್ನು ತಿರುಗಿಸಿದರೆ ಸಾಕು, ಕುಸಿದ ಮೂತಿ ಮೇಲೇಳುತ್ತದೆ. ಬಳೆ ತಿರುಗಿಸಿದರೆ ಸ್ಪ್ರಿಂಗ್ ಗಡಸಾಗುತ್ತದೆಂದು ಹಲವರು ತಿಳಿದಿದ್ದಾರೆ. ಗಡಸು ಬದಲಾಗುವುದಿಲ್ಲ, ಗಾಡಿ ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಅದಕ್ಕೇ ದೊರೆಯ ಸ್ಪ್ರಿಂಗಿನ ಬಳೆಯನ್ನು ಎಷ್ಟು ಸಡಿಲಿಸಿದರೂ ಅದು ಅಳಿಯನದ್ದಾಗುತ್ತಿರಲಿಲ್ಲ.

ಹದ ಮಾಡುವುದು ಮರಳಿನಲ್ಲೇ. ದಿಬ್ಬದಿಂದ ಇಳಿದು ಮುಂದಿನ ದಿಬ್ಬಕ್ಕೆ ಏರುವ ತಗ್ಗಿನಲ್ಲಿ ಗಾಡಿಯ ಇಡೀ ಭಾರ ಒಮ್ಮೆಗೇ ಷಾಕಿನ ಮೇಲೆ ಬೀಳುತ್ತದೆ. ಅಲ್ಲಿ ತಳ ಬಡಿದರೆ ಅದುಮುವುದನ್ನು ಬಿಗಿ ಮಾಡಬೇಕು. ಗಾಡಿಗಳು ಓಡಿ ಓಡಿ ಅಲೆ ಅಲೆಯಾದ ಜಾಗದಲ್ಲಿ ಮೂತಿ ಮೇಲಕ್ಕೆ ಒದ್ದರೆ ಮರಳುವುದನ್ನು ನಿಧಾನಿಸಬೇಕು. ತೀರ ನಿಧಾನಿಸಿದರೆ ಚಕ್ರ ಕೆಳಗಿಳಿಯುವ ಮೊದಲೇ ಮುಂದಿನ ಅಲೆ ಬರುತ್ತದೆ, ಷಾಕ್ ಕುಗ್ಗಿಯೇ ಉಳಿಯುತ್ತದೆ. ಒಂದು ಸಲಕ್ಕೆ ಒಂದೇ ತಿರುಪು, ಅದೂ ಎರಡು ಕ್ಲಿಕ್. ಪುಸ್ತಕದಲ್ಲಿ ಬರೆದಿಡು ಎಂದು ಹೇಳಿದ್ದೆ. ಎತ್ತರ ಬದಲಾದ ಮೇಲೆ ಮುಂದಿನ ಚಕ್ರಗಳ ನೇರವನ್ನೂ ಹಿಂದಿನ ಷಾಕನ್ನೂ ನೋಡಿಸಲು ಹೇಳಿದೆ.

ಈಗ ಟೇಪು 75 ತೋರಿಸುತ್ತದೆ. ನೋವು ಪೂರ್ತಿ ಹೋಗಲಿಲ್ಲ. ಆರು ಗಂಟೆಯನ್ನು ನಾಲ್ಕಕ್ಕೆ ಇಳಿಸಬೇಕೆಂದು ಡಾಕ್ಟರು ಹೇಳಿದರು. ಯಾವ ಷಾಕೂ ಮನುಷ್ಯನ ದುಡಿಮೆಯ ಗಂಟೆಗಳನ್ನು ನುಂಗಿಕೊಳ್ಳುವುದಿಲ್ಲ. ಈ ಮಾತನ್ನು ಅಳಿಯ ತನ್ನ ಯಜಮಾನನಿಗೆ ಹೇಳಿ ಒಪ್ಪಿಸಿದ, ಸಂಬಳದಲ್ಲಿ ಸ್ವಲ್ಪ ಬಿಟ್ಟುಕೊಟ್ಟು.

ತಂಗಿಗೆ ಷಾಕಿನ ವಿಷಯ ಅರ್ಥವಾದದ್ದು ಅಷ್ಟಕ್ಕಷ್ಟೆ. ಆದರೆ ವಾರಕ್ಕೊಮ್ಮೆ ಫೋನಿನಲ್ಲಿ ಈಗ ಅವಳು ಮೊದಲು ಕೇಳುವುದು ಕ್ಷೇಮವಲ್ಲ, "ಬಳೆ ತಿರುಗಿಸಿದೆಯಾ?" ಎಂದು. ಹೋದ ತಿಂಗಳು ಅವನು ಒಂದು ಸುತ್ತು ತಿರುಗಿಸಿದನಂತೆ. ಆ ದಿನ ಅವಳು ಪಾಯಸ ಮಾಡಿದಳು.