ಅಮ್ಮನನ್ನೂ ಕರೆಯಿರಿ



ಕಳೆದ ವರ್ಷ ನಮ್ಮ ಶಾಲೆಗೆ ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಯಿಂದ ಇಂಜಿನಿಯರುಗಳು ಬಂದಿದ್ದರು. ಹೆಣ್ಣುಮಕ್ಕಳು ಇಂಜಿನಿಯರಿಂಗ್ ಓದಬೇಕು ಅಂತ ಎರಡು ಗಂಟೆ ಮಾತಾಡಿದರು. ಪರದೆಯ ಮೇಲೆ ಚಿತ್ರ ತೋರಿಸಿದರು. ನಾವು ಚಪ್ಪಾಳೆ ತಟ್ಟಿದೆವು. ಆಮೇಲೆ ಎಲ್ಲರಿಗೂ ಒಂದೊಂದು ಪೆನ್ನು, ಬಿಸ್ಕತ್ತು ಕೊಟ್ಟರು.

ಮನೆಗೆ ಹೋಗಿ ಅಮ್ಮನಿಗೆ "ನಾನು ಇಂಜಿನಿಯರ್ ಆಗ್ತೀನಿ" ಅಂದೆ. ಅಮ್ಮ ಅಂಥದ್ದೇ ಒಂದು ಗಾಜಿನ ಕಟ್ಟಡದಲ್ಲಿ ನೆಲ ಒರೆಸುವ ಕೆಲಸಕ್ಕೆ ಹೋಗುತ್ತಾಳೆ. ಬೆಳಿಗ್ಗೆ ಆರಕ್ಕೇ ವರ್ತೂರು ಕೋಡಿಯಲ್ಲಿ ಬಸ್ಸು ಹತ್ತಬೇಕು. ಅವಳು ಬಟ್ಟೆ ಮಡಿಸುತ್ತಾ ಕೇಳಿದಳು, "ಎಷ್ಟು ವರ್ಷ ಓದ್ಬೇಕೇ? ದುಡ್ಡು ಎಷ್ಟಾಗುತ್ತೆ? ನಿಮ್ಮಪ್ಪಂಗೆ ಏನಂತ ಹೇಳ್ಲಿ?" ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಎರಡು ಗಂಟೆ ಕೂತು ಕೇಳಿದ್ದೆ, ಈ ಮೂರು ಪ್ರಶ್ನೆ ಅಲ್ಲಿ ಬರಲೇ ಇಲ್ಲ. ನಮ್ಮಕ್ಕನಿಗೂ ಲೆಕ್ಕ ಚೆನ್ನಾಗಿ ಬರುತ್ತಿತ್ತು. ಅವಳಿಗೂ ಯಾರೂ ದಾರಿ ಹೇಳಲಿಲ್ಲ. ಎಸ್ಸೆಸ್ಸೆಲ್ಸಿ ಆದಮೇಲೆ ಗಾರ್ಮೆಂಟ್ಸಿಗೆ ಹೋದಳು.

ಈ ವರ್ಷ ಅವರು ಮತ್ತೆ ಬರ್ತೀವಿ ಅಂದಾಗ ನಮ್ಮ ವಿಜ್ಞಾನದ ಮಿಸ್ಸು ಹುಡುಗಿಯರನ್ನೆಲ್ಲಾ ಕೂರಿಸಿ, "ಕಾರ್ಯಕ್ರಮ ಹೇಗಿರಬೇಕು ಅಂತ ನೀವೇ ಬರೆದುಕೊಡಿ" ಅಂದರು. ನಾನು ಎರಡೇ ಸಾಲು ಬರೆದೆ. ನಮ್ಮ ಕೈಗೆ ಏನಾದರೂ ಬಿಚ್ಚೋಕೆ ಕೊಡಿ. ನಮ್ಮ ಅಮ್ಮಂದಿರನ್ನೂ ಕರೆಯಿರಿ. ಮಿಸ್ಸು ಎರಡನ್ನೂ ಒಪ್ಪಿದರು. ಬೇರೆ ದಿನ ಅಮ್ಮಂದಿರಿಗೆ ರಜಾ ಇಲ್ಲ ಅಂತ ಭಾನುವಾರವೇ ಇಟ್ಟುಕೊಂಡರು.

ಆ ದಿನ ಒಬ್ಬ ಇಂಜಿನಿಯರ್ ಅಕ್ಕ ಹಳೇ ಸೀಲಿಂಗ್ ಫ್ಯಾನು ತಂದು ಕಬ್ಬಿಣದ ಸ್ಟ್ಯಾಂಡಿಗೆ ನೇತುಹಾಕಿದರು. ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತೆ, ತಿರುಗಲ್ಲ. ಕೋಲಿಂದ ತಳ್ಳಿದರೆ ತಿರುಗುತ್ತೆ. "ಅಯ್ಯೋ, ನಮ್ಮನೆ ಫ್ಯಾನೂ ಹಿಂಗೇನೇ!" ಅಂತ ಹಿಂದಿನಿಂದ ಯಾರದೋ ಅಮ್ಮ ಕೂಗಿದರು. ಎಲ್ಲರೂ ನಕ್ಕೆವು.

ಅಕ್ಕ ಬಿಡಿಸಿ ಹೇಳಿದರು. ಫ್ಯಾನಿನ ಒಳಗೆ ತಾಮ್ರದ ತಂತಿಯ ಎರಡು ಬಗೆಯ ಸುತ್ತುಗಳಿವೆ. ಒಂದೇ ಇದ್ದರೆ ಮೋಟಾರಿಗೆ ಯಾವ ಕಡೆ ತಿರುಗಬೇಕೆಂದು ತಿಳಿಯುವುದಿಲ್ಲ. ಎರಡನೇ ಸುತ್ತಿನ ಕರೆಂಟನ್ನು ಕೆಪಾಸಿಟರ್ ಸ್ವಲ್ಪ ಮುಂದೆ ಮಾಡುತ್ತದೆ. ಹೀಗೆ ಎರಡೂ ಒಂದಾದ ಮೇಲೊಂದು ಎಳೆದಾಗ ಫ್ಯಾನು ತಾನೇ ಹೊರಡುತ್ತದೆ. ಕೆಪಾಸಿಟರ್ ಕೆಟ್ಟರೆ ಆ ಕೆಲಸ ಕೋಲು ಮಾಡಬೇಕು! ಸ್ವಿಚ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರಬಹುದು, ತಿಳಿದ ದೊಡ್ಡವರಿಲ್ಲದೆ ಮುಟ್ಟಬಾರದು ಎಂದೂ ಎಚ್ಚರಿಸಿದರು. ಅವರ ಮುಂದೆಯೇ ನಾನು ಸ್ಕ್ರೂ ಬಿಚ್ಚಿ 2.5 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಫ್ಯಾನು ತಿರುಗಿತು. ಅಮ್ಮ ಎದ್ದು ಮುಂದೆ ಬಂದು ನೋಡಿದಳು.

ಆಮೇಲೆ ಅಮ್ಮನೇ ತನ್ನ ಪ್ರಶ್ನೆ ಕೇಳಿದಳು. ಉತ್ತರಗಳನ್ನು ನಿಮಗೂ ಬರೆಯುತ್ತೇನೆ. ಪಿಯುಸಿ ವಿಜ್ಞಾನ 2 ವರ್ಷ, ಸಿಇಟಿ ಬರೆದು ಇಂಜಿನಿಯರಿಂಗ್ 4 ವರ್ಷ. ಇಲ್ಲವೇ ಎಸ್ಸೆಸ್ಸೆಲ್ಸಿ ಆದಮೇಲೆ 3 ವರ್ಷ ಡಿಪ್ಲೊಮಾ. ಅಲ್ಲಿಗೇ ಕೆಲಸಕ್ಕೆ ಸೇರಬಹುದು, ಇಲ್ಲವೇ ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಹೋಗಬಹುದು. 1ರಿಂದ 10ನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ. 5 ಮೀಸಲಾತಿ ಇದೆ. ಹುಡುಗಿಯರಿಗೆಂದೇ 'ಪ್ರಗತಿ' ಎಂಬ ವಿದ್ಯಾರ್ಥಿವೇತನವಿದೆ. ಆಯ್ಕೆಯಾದರೆ ವರ್ಷಕ್ಕೆ 50,000 ರೂಪಾಯಿ.

ಕೊನೆಗೆ ಮಿಸ್ಸು ರಾಜೇಶ್ವರಿ ಚಟರ್ಜಿಯವರ ಕಥೆ ಹೇಳಿದರು. ಅವರು ನಮ್ಮ ರಾಜ್ಯದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದವರು. 1947ರಲ್ಲಿ ಅಮೆರಿಕಕ್ಕೆ ಹೋಗಿ ಓದಿ, 1953ರಲ್ಲಿ ಹಿಂತಿರುಗಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಮಾಡಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರಂತೆ. ಅಂಥ ಅಜ್ಜಿ ಮನೆಯಲ್ಲಿದ್ದರೆ ದಾರಿ ಕೇಳೋಕೆ ಎಲ್ಲೂ ಹೋಗಬೇಕಿಲ್ಲ. ನಮ್ಮಂಥವರ ಮನೆಗೆ ಆ ಮಾತು ಶಾಲೆಯಿಂದಲೇ ಬರಬೇಕು. ಅದಕ್ಕೇ ಅಮ್ಮಂದಿರು ಬರಬೇಕು ಅಂತ ನನಗನ್ನಿಸುತ್ತದೆ.

ಅಪ್ಪ ಇನ್ನೂ ಒಪ್ಪಿಲ್ಲ. "ನೋಡೋಣ" ಅಂದಿದ್ದಾರೆ. ಆದರೆ ಈಗ ಅವರ ಹತ್ತಿರ ಮಾತಾಡೋಕೆ ಅಮ್ಮ ಇದ್ದಾಳೆ. ಮುಂದಿನ ವರ್ಷ ನಾನು ಈ ಶಾಲೆಯಲ್ಲಿ ಇರುವುದಿಲ್ಲ. ಒಂಬತ್ತನೇ ತರಗತಿಯ ತಂಗಿಯರೇ, ನಿಮ್ಮನ್ನು ಕೇಳಿದಾಗ ಒಂದು ಸಾಲು ಸೇರಿಸಿ ಬರೆಯಿರಿ: ಅಪ್ಪಂದಿರನ್ನೂ ಕರೆಯಿರಿ.

– ಹತ್ತನೇ ತರಗತಿಯ ವಿದ್ಯಾರ್ಥಿನಿ, ವರ್ತೂರು