ಅಂಕಲಿಯಲ್ಲಿ ಎರಡು ದಿನ

ಚಿಕ್ಕೋಡಿಯಿಂದ ಮಿರಜದ ಕಡೆಗೆ ಹೋಗುವ ದಾರಿಯಲ್ಲಿ, ಕೃಷ್ಣಾನದಿಯ ಬಳಿ ಅಂಕಲಿ ಎಂಬ ಗ್ರಾಮವಿರುವುದು. ಸುತ್ತಲೂ ಕಬ್ಬಿನ ಹೊಲಗಳು; ಜನರ ಬಾಯಲ್ಲಿ ಕನ್ನಡ ಮರಾಠಿಗಳೆರಡೂ ಸರಾಗವಾಗಿ ಹರಿಯುವವು. ಇಲ್ಲಿಯ ಶಿತೋಳೆ ಸರಕಾರರ ವಾಡೆಯಿಂದ ಪ್ರತಿವರ್ಷ ಜ್ಯೇಷ್ಠಮಾಸದಲ್ಲಿ ಎರಡು ಕುದುರೆಗಳು ಹೊರಟು, ಸುಮಾರು 300 ಕಿಲೋಮೀಟರು ದಾರಿಯನ್ನು ನಡೆದೇ ಸವೆಸಿ, ಆಳಂದಿಯಲ್ಲಿ ಜ್ಞಾನೇಶ್ವರರ ಪಾಲಕಿಯನ್ನು ಕೂಡುವವು. ಒಂದರ ಮೇಲೆ ಧ್ವಜಧಾರಿಯಾದ ಸವಾರನಿರುವನು. ಇನ್ನೊಂದು ಜ್ಞಾನೇಶ್ವರರದೇ ವಾಹನವೆಂಬ ಭಾವನೆಯಿಂದ ಅದನ್ನು ಯಾರೂ ಏರುವುದಿಲ್ಲ.

ಆದರೆ ನಾನು ಅಲ್ಲಿಗೆ ಹೋದುದು ಕುದುರೆಗಳನ್ನು ನೋಡಲಿಕ್ಕಲ್ಲ, ತಂಗಿಯ ಮಗನನ್ನು ಕಾಣಲಿಕ್ಕೆ. ಎರಡು ವರ್ಷಗಳ ಹಿಂದೆ ಒಂದು ರಾತ್ರಿ ಅವನ ಮೋಟಾರ್ ಸೈಕಲ್ಲು, ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಬಡಿಯಿತು. ತಲೆಯ ಮೇಲೆ ಹೆಲ್ಮೆಟ್ಟು ಇರಲಿಲ್ಲ. ಈಗ ಗಾಯ ಮಾಯ್ದಿದೆ, ಮೈಯೂ ತುಂಬಿಕೊಂಡಿದೆ. ಬಾಲ್ಯದ ಮಾತುಗಳನ್ನೆಲ್ಲ ನೆನೆದು ನಕ್ಕನು. ಆದರೆ ಊಟ ಮುಗಿಯುವುದರೊಳಗೆ, "ಮಾಮಾ, ಯಾವಾಗ ಬಂದ್ರಿ?" ಎಂದು ಮೂರು ಸಲ ಕೇಳಿದನು. ಮಗುವಿನ ಕೈಯಿಂದ ತಂಬಿಗೆ ಜಾರಿ ಬಿದ್ದಾಗ, ಎಂದೂ ಗದರದವನು ಅಬ್ಬರಿಸಿ ಎದ್ದುನಿಂತನು.

"ಊರವರು ಆರಾಮ ಆಗ್ಯಾರ ಅಂತಾರ್ರಿ. ಮನಿಯೊಳಗಿಂದು ಅವರಿಗೆ ಕಾಣೂದಿಲ್ಲ," ಎಂದಳು ಅವನ ಹೆಂಡತಿ.

ಹಣೆಯ ಹಿಂದಿರುವ ಮೆದುಳಿನ ಭಾಗವು ಕೋಪವನ್ನು ತಡೆಯುವುದಕ್ಕೂ ಕೆಲಸವನ್ನು ಕ್ರಮವಾಗಿ ಯೋಚಿಸುವುದಕ್ಕೂ ಆಧಾರವಾದುದು. ಅದಕ್ಕೆ ಪೆಟ್ಟಾದರೆ ಮನುಷ್ಯನ ಸ್ವಭಾವವೇ ಬದಲಾಗಬಹುದು. ಅದು ಹಟವಲ್ಲ, ಸೋಮಾರಿತನವೂ ಅಲ್ಲ. 1848ರಲ್ಲಿ ಅಮೇರಿಕೆಯ ಫಿನಿಯಸ್ ಗೇಜ್ ಎಂಬ ರೈಲುದಾರಿಯ ಮೇಸ್ತ್ರಿಯ ತಲೆಯೊಳಗಿಂದ ಕಬ್ಬಿಣದ ಸಲಾಕೆಯೊಂದು ಹಾಯ್ದುಹೋಯಿತು. ಅವನು ಬದುಕಿದನು, ಆದರೆ ಅವನು ಮೊದಲಿನವನಲ್ಲವೆಂದು ಗೆಳೆಯರು ಮರುಗಿದರು. ಆದರೂ ಮುಂದೆ ಅವನು ಚಿಲಿ ದೇಶದಲ್ಲಿ ಕೆಲವು ವರ್ಷ ಕುದುರೆಗಾಡಿಯನ್ನು ನಡೆಸಿದನು. ದಿನವೂ ಅದೇ ವೇಳೆ, ಅದೇ ದಾರಿ, ಅದೇ ಕೆಲಸ. ಈ ನಿಯಮವೇ ಅವನಿಗೆ ಊರುಗೋಲಾಗಿರಬೇಕೆಂದು ಪಂಡಿತರು ಊಹಿಸುವರು.

ಈ ಕಥೆಯನ್ನು ಕೇಳದಿದ್ದರೂ ನಮ್ಮ ಸೊಸೆ ಅದೇ ಉಪಾಯವನ್ನು ಹಿಡಿದಿದ್ದಾಳೆ. ದಿನದ ಕೆಲಸಗಳನ್ನು ಬಾಗಿಲ ಬಳಿಯ ಪಾಟಿಯ ಮೇಲೆ ಬರೆದಿಡುವಳು. ಅವನು ಸಿಟ್ಟಾದಾಗ ಎದುರು ವಾದಿಸದೆ ಮಗುವನ್ನು ಹೊರಗೆ ಕರೆದೊಯ್ಯುವಳು. ಸಂಜೆ ತಪ್ಪದೆ ಅವನೊಡನೆ ನದಿಯವರೆಗೆ ನಡೆಯುವಳು.

ಹೊರಡುವ ಹಿಂದಿನ ಸಂಜೆ ನಾನೂ ಜೊತೆಗೆ ಹೋದೆನು. ದಾರಿ ಕವಲೊಡೆದಲ್ಲಿ ಅವನು ನಿಂತನು. ನಾನು ಕೈತೋರಿಸಹೋದೆನು, ಅವಳು ಕಣ್ಸನ್ನೆಯಿಂದ ತಡೆದಳು. ತುಸು ಹೊತ್ತಿನ ಮೇಲೆ ಅವನೇ ಎಡಕ್ಕೆ ತಿರುಗಿದನು. ಮುಂದೆ ಕೃಷ್ಣೆಯ ನೀರು ಕಾಣಿಸಿತು.