ಪಲೆನ್ಸಿಯಾದ ಕಲ್ಲಿನ ಜನ

ಸ್ಪೇನಿನ ಪಲೆನ್ಸಿಯಾ ಪ್ರಾಂತ್ಯದಲ್ಲಿ ಬೆಟ್ಟ ನೋಡಬೇಕೆಂದರೆ ಉತ್ತರದ ತುದಿಗೆ ಹೋಗಬೇಕು. ನಾನು ನಡೆದದ್ದು ಗೋಧಿ ಹೊಲಗಳ ಬಯಲಲ್ಲಿ. ಇಲ್ಲಿ ಊರಿಗಿಂತ ಮೊದಲು ಚರ್ಚು ಕಣ್ಣಿಗೆ ಬೀಳುತ್ತದೆ. ಸಾಂತಿಯಾಗೊ ನಗರಕ್ಕೆ ಹೋಗುವ ಕ್ರೈಸ್ತ ಯಾತ್ರಿಕರು ಶತಮಾನಗಳಿಂದ ಸವೆಸಿದ ಹಾದಿಯಿದು. ನಾನು ಹಿಡಿದದ್ದು ಫ್ರೋಮಿಸ್ತಾದಿಂದ ಕರಿಯೋನ್‌ಗೆ ಸುಮಾರು 20 ಕಿಲೋಮೀಟರ್.

ಫ್ರೋಮಿಸ್ತಾದ ಸಾನ್ ಮಾರ್ತಿನ್ ಚರ್ಚು ನವಾರದ ದೊರೆ ಮೂರನೇ ಸಾಂಚೊನ ವಿಧವೆ ದೊನ್ಯಾ ಮಾಯೊರ್ ಸ್ಥಾಪಿಸಿದ ಮಠಕ್ಕೆ ಸೇರಿದ್ದು. 1066ರ ಅವಳ ಉಯಿಲಿನಲ್ಲೇ ಇದರ ಹೆಸರಿದೆ. ಮುಂದೆ ಎರಡು ದುಂಡು ಗೋಪುರ, ನಡುವೆ ಎಂಟು ಮೂಲೆಯ ಶಿಖರ. ಸೂರಿನಡಿ ಸಾಲಾಗಿ 300ಕ್ಕೂ ಹೆಚ್ಚು ಚಾಚುಗಲ್ಲುಗಳು: ಪ್ರಾಣಿಗಳು, ವಿಕಾರ ಮುಖಗಳು, ಮನುಷ್ಯರು. ಕುತ್ತಿಗೆ ನೋಯುವವರೆಗೂ ನೋಡಿದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಕಟ್ಟಡ ಕುಸಿಯುವಂತಾಗಿತ್ತು. ವಾಸ್ತುಶಿಲ್ಪಿ ಮಾನುವೆಲ್ ಅನಿಬಾಲ್ ಆಲ್ವರೆಸ್ ಬಹುಭಾಗವನ್ನು ಬಿಚ್ಚಿ ಮತ್ತೆ ಕಟ್ಟಿಸಿದ. ಹೊಸದಾಗಿ ಕೆತ್ತಿಸಿ ಕೂರಿಸಿದ ಶಿಲ್ಪಗಳ ಮೇಲೆ, ಹಳೆಯವಲ್ಲವೆಂದು ತಿಳಿಯಲು, 'ಆರ್' ಅಕ್ಷರ ಕೊರೆದಿದೆ. ಆ ಪ್ರಾಮಾಣಿಕತೆಗೆ ಮನಸ್ಸು ತುಂಬಿ ಬಂತು.

ಒಳಗಿನ ಒಂದು ಬೋದಿಗೆಯ ಕಥೆ ಇನ್ನೂ ಸೊಗಸು. ಅದೇ ಪ್ರಾಂತ್ಯದ ಉಸಿಯೋಸ್‌ನಲ್ಲಿ ರೋಮನ್ನರ ಕಾಲದ ಕಲ್ಲಿನ ಶವಪೆಟ್ಟಿಗೆಯೊಂದಿತ್ತು. ಅದರ ಮೇಲೆ ಗ್ರೀಕರ ಒರೆಸ್ತೆಸನ ಕಥೆ. ಹನ್ನೊಂದನೇ ಶತಮಾನದ ಶಿಲ್ಪಿ ಅದನ್ನು ಕಣ್ತುಂಬ ನೋಡಿ, ಆ ಬೆತ್ತಲೆ ಮೈಗಳನ್ನೇ ಚರ್ಚಿನ ಕಂಬದ ನೆತ್ತಿಗೆ ತಂದ! ಈಗ ಅಲ್ಲಿರುವುದು ಪ್ರತಿ. ಮೂಲ ಪಲೆನ್ಸಿಯಾದ ಮ್ಯೂಸಿಯಂನಲ್ಲಿದೆ.

ಬಿಸಿಲೇರಿದ ಮೇಲೆ ವಿಯಾಲ್ಕಾಸರ್ ದೆ ಸಿರ್ಗಾ. ಪುಟ್ಟ ಊರಿಗೆ ಕೋಟೆಯಂಥ ಚರ್ಚು, ಸಾಂತಾ ಮರಿಯಾ ಲಾ ಬ್ಲಾಂಕಾ. ಇಲ್ಲಿನ ಮಾತೆಯ ಪವಾಡಗಳು ದೊರೆ ಹತ್ತನೇ ಅಲ್ಫೋನ್ಸೊನ 'ಕಾಂತಿಗಾಸ್' ಎಂಬ ಹಾಡುಗಳ ಸಂಗ್ರಹದಲ್ಲಿ ಹಾಡಾಗಿವೆ. ಚರ್ಚಿನೊಳಗಿನ ಸಾಂತಿಯಾಗೊ ಪ್ರಾರ್ಥನಾಲಯದಲ್ಲಿ ಆ ದೊರೆಯ ತಮ್ಮ ಫೆಲಿಪೆಯ ಸಮಾಧಿಯಿದೆ. ಪಾದ್ರಿಯಾಗಬೇಕಿದ್ದವನು ಅದನ್ನು ಬಿಟ್ಟು 1258ರಲ್ಲಿ ನಾರ್ವೆಯ ರಾಜಕುಮಾರಿ ಕ್ರಿಸ್ತೀನಾಳನ್ನು ಮದುವೆಯಾದ, 1274ರಲ್ಲಿ ತೀರಿಕೊಂಡ. ಪೆಟ್ಟಿಗೆಯ ಸುತ್ತ ಅವನ ಶವಯಾತ್ರೆಯೇ ಕೆತ್ತಿದೆ: ಕುದುರೆ, ಗೋಳಾಡುವ ಜನ. ಮಲಗಿದ ರಾಜಕುಮಾರನಿಗಿಂತ ಅಳುವವರ ಮುಖಗಳೇ ನನ್ನನ್ನು ಹಿಡಿದು ನಿಲ್ಲಿಸಿದವು.

ಆದರೂ ನನ್ನ ಮನಸ್ಸು ನೆಟ್ಟದ್ದು ಕರಿಯೋನ್ ದೆ ಲೋಸ್ ಕೊಂದೆಸ್‌ನ ಸಾಂತಿಯಾಗೊ ಚರ್ಚಿನ ಬಾಗಿಲಲ್ಲಿ. ನೆಪೋಲಿಯನ್ ಕಾಲದ ಯುದ್ಧದಲ್ಲಿ, 1811ರಲ್ಲಿ, ಚರ್ಚು ಸುಟ್ಟುಹೋಯಿತು; ಹನ್ನೆರಡನೇ ಶತಮಾನದ ಮುಂಗೋಡೆಯ ಶಿಲ್ಪ ಉಳಿಯಿತು. ಮೇಲೆ ಸಿಂಹಾಸನದ ಕ್ರಿಸ್ತ, ಇಕ್ಕೆಲಗಳಲ್ಲಿ ಅಪೊಸ್ತಲರು. ಬಟ್ಟೆಯ ನೆರಿಗೆ ಒದ್ದೆಯಾದಂತೆ ಮೈಗಂಟಿದೆ. ಕೆಳಗಿನ ಕಮಾನಿನಲ್ಲಿ 20ಕ್ಕೂ ಹೆಚ್ಚು ಪುಟ್ಟ ಆಕೃತಿಗಳು: ಕತ್ತರಿ ಹಿಡಿದ ದರ್ಜಿ, ಚಮ್ಮಾರ, ಕಮ್ಮಾರ, ವಾದ್ಯ ನುಡಿಸುವವನು, ಮೈ ಬಿಲ್ಲಾಗಿಸಿದ ನರ್ತಕಿ. ಸಂತರಲ್ಲ, ದೊರೆಗಳಲ್ಲ, ಊರಿನ ದುಡಿಯುವ ಜನ. ದೇವರ ಮನೆಯ ಹೊಸ್ತಿಲ ಮೇಲೆಯೇ ಅವರಿಗೆ ಜಾಗ ಕೊಟ್ಟ ಆ ಶಿಲ್ಪಿಯ ಹೆಸರು ಎಲ್ಲೂ ಕೆತ್ತಿಲ್ಲ. ಈ ಬಾಗಿಲಿಗಾಗಿ ಇನ್ನೂ 20 ಕಿಲೋಮೀಟರ್ ಬೇಕಾದರೂ ನಡೆಯುತ್ತಿದ್ದೆ.